ದೃಷ್ಟಿ ಮತ್ತು ಗತಿ: ಒಂದು ವಿಚಾರದ ಚರಿತ್ರೆ

೧

ಕಣ್ಣು ಇರುವುದು ನೋಡುವುದಕ್ಕೆ ಎಂಬ ಮಾತಿನಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ನೋಡುವುದು ಯಾತಕ್ಕೆ ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ. ದೃಷ್ಟಿಯನ್ನು ಕುರಿತ ಶಾಸ್ತ್ರದ ಚರಿತ್ರೆಯಲ್ಲಿ ಈ ಎರಡನೆಯ ಪ್ರಶ್ನೆ ಬಹಳ ತಡವಾಗಿ ಎದ್ದಿತು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಪಂಡಿತರು ಮುಖ್ಯವಾಗಿ ವಿಚಾರ ಮಾಡಿದ್ದು ಒಂದೆಡೆ ಸ್ಥಿರವಾಗಿ ನಿಂತು ಒಂದು ವಸ್ತುವಿನ ಮೇಲೆ ನೆಟ್ಟ ಕಣ್ಣನ್ನು ಕುರಿತು. ಪ್ರಾಣಿಗಳ ಕಣ್ಣು ಹಾಗೆ ನಿಲ್ಲುವುದು ಅಪರೂಪ. ಸಂತೆಯ ಜನಜಂಗುಳಿಯಲ್ಲಿ ಯಾರಿಗೂ ತಾಗದೆ ನುಸುಳಿ ಹೋಗುವ ಹುಡುಗ, ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿ, ಹೂವಿನ ಮೇಲೆ ಮೆಲ್ಲಗೆ ಇಳಿಯುವ ಜೇನುಹುಳು, ಇವೆಲ್ಲವೂ ನೋಡುತ್ತ ಚಲಿಸುತ್ತವೆ, ಚಲಿಸುತ್ತ ನೋಡುತ್ತವೆ.

ಚಲನೆಯಲ್ಲಿ ದೃಷ್ಟಿಯು ದಾರಿ ತೋರಿಸುವ ಬಗೆ ಯಾವುದು? ಈ ಪ್ರಶ್ನೆಯನ್ನು ಪಂಡಿತರು ತಮ್ಮಷ್ಟಕ್ಕೆ ತಾವೇ ಎತ್ತಿಕೊಳ್ಳಲಿಲ್ಲ. ವಿಮಾನಗಳು ನೆಲಕ್ಕೆ ಅಪ್ಪಳಿಸಿ ಮನುಷ್ಯರು ಸಾಯುತ್ತಿದ್ದ ಕಾಲದಲ್ಲಿ ಅದು ಅವರ ಎದುರಿಗೆ ಬಂದು ನಿಂತಿತು. ಅಂದಿನಿಂದ ಇಂದಿನವರೆಗೆ ದೊರೆತಿರುವ ಉತ್ತರದ ಸಾರ ಇಷ್ಟು: ಚಲನೆಯು ದೃಷ್ಟಿಗೆ ಅಡ್ಡಿಯಲ್ಲ, ಆಧಾರ. ಹಿಂದಿನವರು ಚಿತ್ರವನ್ನು ಕಲಕುವ ದೋಷವೆಂದು ಬದಿಗೆ ಸರಿಸಿದ್ದರಲ್ಲಿಯೇ ಜೀವಿಗೆ ಬೇಕಾದ ತಿಳಿವಳಿಕೆ ಅಡಗಿತ್ತು. ಈ ತಿರುವು ಹೇಗೆ ಉಂಟಾಯಿತು ಎಂಬುದು ಇಲ್ಲಿಯ ವಿಷಯ.

೨

ಕ್ರಿಸ್ತಪೂರ್ವ ೩೦೦ರ ಸುಮಾರಿಗೆ ಇದ್ದ ಗ್ರೀಕ್ ಗಣಿತಜ್ಞ ಯೂಕ್ಲಿಡನು ದೃಷ್ಟಿಯನ್ನು ಕುರಿತು ಒಂದು ಗ್ರಂಥವನ್ನು ರಚಿಸಿದನು. ಕಣ್ಣಿನಿಂದ ಕಿರಣಗಳು ಸರಳರೇಖೆಗಳಲ್ಲಿ ಹೊರಟು ವಸ್ತುವನ್ನು ಮುಟ್ಟುತ್ತವೆಂದು ಅವನು ಭಾವಿಸಿದನು. ಭಾರತೀಯ ದರ್ಶನಗಳಲ್ಲಿಯೂ ಈ ಚರ್ಚೆ ಬಲವಾಗಿಯೇ ನಡೆದಿದೆ. ಚಕ್ಷುರಿಂದ್ರಿಯವು ವಿಷಯವನ್ನು ಹೋಗಿ ಮುಟ್ಟಿ ಗ್ರಹಿಸುತ್ತದೆ, ಅದು ಪ್ರಾಪ್ಯಕಾರಿ ಎಂಬುದು ನೈಯಾಯಿಕರ ಮತ. ಬೌದ್ಧರೂ ಜೈನರೂ ಇದನ್ನು ಒಪ್ಪದೆ, ಕಣ್ಣು ವಿಷಯವನ್ನು ಮುಟ್ಟದೆಯೇ ಅರಿಯುತ್ತದೆಂದು ವಾದಿಸಿದರು. ಎರಡು ಕಡೆಯೂ ವಾದದ ಕೇಂದ್ರ ಕಣ್ಣಿಗೂ ವಸ್ತುವಿಗೂ ನಡುವಣ ಸಂಬಂಧವೇ ಆಗಿತ್ತು. ನೋಡುವವನ ಕಾಲುಗಳು ಅದರಲ್ಲಿ ಸೇರಿರಲಿಲ್ಲ. ಯೂಕ್ಲಿಡನು ಮಾತ್ರ, ಸಮಾನ ವೇಗದಿಂದ ಚಲಿಸುವ ವಸ್ತುಗಳಲ್ಲಿ ದೂರದ್ದು ನಿಧಾನವಾಗಿ ಚಲಿಸುವಂತೆ ಕಾಣುತ್ತದೆ ಎಂಬುದನ್ನು ರೇಖಾಗಣಿತದಿಂದ ಸಾಧಿಸಿದ್ದನು. ಬೀಜ ಅಲ್ಲಿತ್ತು, ಮೊಳೆಯಲಿಲ್ಲ.

ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಅರಬ್ ವಿದ್ವಾಂಸ ಇಬ್ನ್ ಅಲ್ ಹೈತಮನು ಬರೆದ ದೃಗ್ವಿಜ್ಞಾನದ ಮಹಾಗ್ರಂಥದಲ್ಲಿ ಕಾಲುಗಳ ಪ್ರಸ್ತಾಪ ಬರುತ್ತದೆ. ಕಿರಣವು ಕಣ್ಣಿನಿಂದ ಹೊರಡುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಸ್ಥಾಪಿಸಿದ ಕೀರ್ತಿ ಅವನದು. ದೂರವನ್ನು ಕಣ್ಣು ಅಳೆಯುವುದು ಹೇಗೆಂಬುದಕ್ಕೆ ಅವನು ಕೊಟ್ಟ ವಿವರಣೆ ಅಷ್ಟೇ ಗಮನಾರ್ಹವಾಗಿದೆ. ಮನುಷ್ಯನು ತನ್ನ ಪಾದಗಳ ಸಮೀಪದ ನೆಲವನ್ನು ಹೆಜ್ಜೆಗಳಿಂದ ಅಳೆದು ಅಳೆದು ರೂಢಿ ಮಾಡಿಕೊಂಡಿರುತ್ತಾನೆ. ಕಣ್ಣು ಆ ಅಳತೆಯನ್ನು ಹಿಡಿದು, ಎಡೆಬಿಡದೆ ಹಬ್ಬಿದ ನೆಲದ ಮೇಲೆ ಮುಂದುಮುಂದಕ್ಕೆ ಸಾಗಿ ದೂರದ ವಸ್ತುವಿನ ಎಡೆಯನ್ನು ತಿಳಿಯುತ್ತದೆ. ನಡುವಣ ನೆಲ ಮರೆಯಾದರೆ ದೂರದ ಅರಿವೂ ಕೆಡುತ್ತದೆ. ಒಂಬೈನೂರಕ್ಕೂ ಹೆಚ್ಚು ವರ್ಷಗಳ ಅನಂತರ ಅಮೆರಿಕದಲ್ಲಿ ಪುನಃ ತಲೆಯೆತ್ತಿದ ವಿಚಾರವೇ ಇದು.

ಆದರೆ ಯೂರೋಪಿನ ವಿಜ್ಞಾನ ಬೇರೆ ದಾರಿ ಹಿಡಿಯಿತು. ೧೬೦೪ರಲ್ಲಿ ಕೆಪ್ಲರನು ಕಣ್ಣಿನ ಮಸೂರವು ಹೊರಗಿನ ದೃಶ್ಯದ ತಲೆಕೆಳಗಾದ ಬಿಂಬವನ್ನು ಅಕ್ಷಿಪಟಲದ ಮೇಲೆ ಮೂಡಿಸುತ್ತದೆಂದು ವಿವರಿಸಿದನು. ಕೆಲವೇ ದಶಕಗಳಲ್ಲಿ ಪ್ರಾಣಿಗಳ ಕಣ್ಣುಗಳನ್ನು ಕತ್ತರಿಸಿ ಆ ಬಿಂಬವನ್ನು ಪ್ರತ್ಯಕ್ಷವಾಗಿ ಕಂಡುದೂ ಆಯಿತು. ಇದು ಮಹತ್ತಾದ ಶೋಧ. ಅದರ ಜೊತೆಗೆ ಒಂದು ಭ್ರಮೆಯೂ ಹುಟ್ಟಿತು. ಕಣ್ಣೆಂದರೆ ಚಿತ್ರ ತೆಗೆಯುವ ಕತ್ತಲ ಪೆಟ್ಟಿಗೆ, ನೋಡುವುದೆಂದರೆ ಆ ಚಪ್ಪಟೆ ಚಿತ್ರವನ್ನು ಓದುವುದು ಎಂಬ ಕಲ್ಪನೆ ವಿದ್ವಾಂಸರ ಮನಸ್ಸಿನಲ್ಲಿ ಬೇರೂರಿತು. ಆ ಮೇಲೆ ಉಳಿದ ಸಮಸ್ಯೆ ಒಂದೇ: ಚಪ್ಪಟೆಯಾದ ಚಿತ್ರದಿಂದ ದೂರವನ್ನು ಅರಿಯುವುದು ಹೇಗೆ? ೧೭೦೯ರಲ್ಲಿ ಬರ್ಕ್ಲಿಯು, ದೂರವು ಕಣ್ಣಿಗೆ ಕಾಣುವಂಥದೇ ಅಲ್ಲ, ಸ್ಪರ್ಶದಿಂದಲೂ ದೇಹದ ಚಲನೆಯಿಂದಲೂ ಕಲಿತದ್ದನ್ನು ಮನಸ್ಸು ದೃಷ್ಟಿಗೆ ಸೇರಿಸುತ್ತದೆ ಎಂದು ಉತ್ತರ ಕೊಟ್ಟನು. ಚಲನೆಗೆ ಇಲ್ಲಿ ಸ್ಥಾನ ದೊರೆಯಿತು, ನಿಜ. ಆದರೆ ಅದು ಕಣ್ಣಿನ ಹೊರಗಿನ ಸ್ಥಾನ.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ೧೮೫೬ರಿಂದ ೧೮೬೭ರ ಅವಧಿಯಲ್ಲಿ ಪ್ರಕಟಿಸಿದ ದೃಷ್ಟಿಶಾಸ್ತ್ರದ ಬೃಹದ್ಗ್ರಂಥವು ಅಂದಿನವರೆಗಿನ ಜ್ಞಾನದ ಭಂಡಾರವೆನಿಸಿತು. ದಾರಿಯಲ್ಲಿ ನಡೆಯುವವನ ಪಕ್ಕದಲ್ಲಿ ಸಮೀಪದ ವಸ್ತುಗಳು ಬೇಗಬೇಗನೆ ಹಿಂದಕ್ಕೆ ಜಾರುತ್ತವೆ, ದೂರದವು ನಿಧಾನವಾಗಿ ಜಾರುತ್ತವೆ, ಬಹು ದೂರದವು ಜೊತೆಯಲ್ಲಿಯೇ ಬರುವಂತೆ ತೋರುತ್ತವೆ. ಈ ಭೇದದಿಂದ ದೂರವನ್ನು ತಿಳಿಯಬಹುದೆಂದು ಅವನು ಬರೆದನು. ಅವನು ಕೊಟ್ಟ ನಿದರ್ಶನ ಸೊಗಸಾದದ್ದು. ದಟ್ಟವಾದ ಕಾಡಿನಲ್ಲಿ ಸುಮ್ಮನೆ ನಿಂತು ನೋಡಿದರೆ ಎಲೆಗಳೂ ಕೊಂಬೆಗಳೂ ಒಂದರೊಡನೊಂದು ಬೆರೆತು ಹಸುರಿನ ಗೋಜಲಾಗಿ ಕಾಣುತ್ತವೆ. ಒಂದು ಹೆಜ್ಜೆ ಮುಂದಿಟ್ಟ ಕೂಡಲೇ ಪ್ರತಿಯೊಂದು ಕೊಂಬೆಯೂ ತನ್ನ ತನ್ನ ಸ್ಥಳಕ್ಕೆ ಸರಿದು ನಿಲ್ಲುತ್ತದೆ. ಅಂದರೆ ನಿಂತ ಕಣ್ಣಿಗೆ ಕಾಣದ್ದು ನಡೆಯುವ ಕಣ್ಣಿಗೆ ಕಾಣುತ್ತದೆ. ಆದರೂ ಹೆಲ್ಮ್‌ಹೋಲ್ಟ್ಸನು ಇದನ್ನು ದೂರವನ್ನು ಊಹಿಸುವುದಕ್ಕೆ ನೆರವಾಗುವ ಹಲವು ಸೂಚನೆಗಳಲ್ಲಿ ಒಂದೆಂದು ಎಣಿಸಿದನೇ ಹೊರತು, ದೃಷ್ಟಿಯ ಮೂಲತತ್ತ್ವವೆಂದು ಎಣಿಸಲಿಲ್ಲ.

ಅದೇ ಶತಮಾನದಲ್ಲಿ ಹಬ್ಬಿದ ರೈಲು, ಜಗತ್ತು ಹರಿಯುವುದನ್ನು ಸಾಮಾನ್ಯ ಜನರಿಗೆ ತೋರಿಸಿತು. ೧೯೦೪ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ ಹುಟ್ಟಿದ ಜೇಮ್ಸ್ ಗಿಬ್ಸನ್ನರ ತಂದೆ ರೈಲ್ವೆಯಲ್ಲಿ ಉದ್ಯೋಗಿ. ಗಾಡಿಯ ಹಿಂಬದಿಯ ಜಗಲಿಯಲ್ಲಿ ನಿಂತರೆ ಜಗತ್ತು ಒಳಮುಖವಾಗಿ ಕುಗ್ಗುತ್ತದೆ, ಇಂಜಿನ್ನಿನಲ್ಲಿ ನಿಂತರೆ ಹೊರಮುಖವಾಗಿ ಹಿಗ್ಗುತ್ತದೆ ಎಂಬುದನ್ನು ಎಂಟನೆಯ ವಯಸ್ಸಿನ ಹೊತ್ತಿಗೇ ಕಂಡಿದ್ದುದಾಗಿ ಅವರು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಮುಂದೆ ಮನಃಶಾಸ್ತ್ರದ ಅಧ್ಯಾಪಕರಾಗಿ ೧೯೩೮ರಲ್ಲಿ ಅವರು ಸಹೋದ್ಯೋಗಿಯೊಬ್ಬರೊಡನೆ ಮೋಟಾರು ಓಡಿಸುವುದನ್ನು ಕುರಿತು ಒಂದು ಲೇಖನವನ್ನು ಬರೆದರು. ಚಾಲಕನು ನೋಡುವುದು ವಸ್ತುಗಳನ್ನಲ್ಲ. ಅಡಚಣೆಗಳ ನಡುವೆ ತನ್ನ ಗಾಡಿಗೆ ಬಿಡುವಾಗಿರುವ ನಾಲಿಗೆಯಾಕಾರದ ಮಾರ್ಗವನ್ನು. ಈ ದೃಷ್ಟಿಕೋನ ಅಂದಿಗೆ ಹೊಸದು.

೪

ಎರಡನೆಯ ಮಹಾಯುದ್ಧವು ಈ ವಿಚಾರವನ್ನು ತರಗತಿಯ ಕೊಠಡಿಯಿಂದ ಆಕಾಶಕ್ಕೆ ಏರಿಸಿತು. ಸಾವಿರಾರು ತರುಣರನ್ನು ಅಲ್ಪಕಾಲದಲ್ಲಿ ವಿಮಾನಚಾಲಕರನ್ನಾಗಿ ತಯಾರು ಮಾಡಬೇಕಾಯಿತು. ಚಾಲನೆಯಲ್ಲಿ ಅತ್ಯಂತ ಅಪಾಯದ ಘಟ್ಟ ಇಳಿಯುವುದು. ಯಾರು ಚೆನ್ನಾಗಿ ಇಳಿಸಬಲ್ಲರು ಎಂಬುದನ್ನು ಮೊದಲೇ ಪರೀಕ್ಷಿಸಿ ಆರಿಸುವುದಕ್ಕಾಗಿ ಅಮೆರಿಕದ ಸೈನ್ಯದ ವಿಮಾನಪಡೆಯು ಮನಃಶಾಸ್ತ್ರಜ್ಞರನ್ನು ಕರೆಯಿತು. ಚಲಚ್ಚಿತ್ರಗಳ ಮೂಲಕ ಪರೀಕ್ಷೆ ನಡೆಸುವ ಘಟಕದ ಹೊಣೆ ಗಿಬ್ಸನ್ನರದಾಯಿತು.

ಅವರ ಕೈಯಲ್ಲಿದ್ದ ಶಾಸ್ತ್ರ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಎರಡು ಕಣ್ಣುಗಳ ಬಿಂಬಗಳ ವ್ಯತ್ಯಾಸ, ನೆರಳು, ಒಂದನ್ನೊಂದು ಮರೆಮಾಡುವಿಕೆ ಮುಂತಾಗಿ ಪುಸ್ತಕಗಳಲ್ಲಿ ಪಟ್ಟಿ ಮಾಡಿದ್ದ ಸೂಚನೆಗಳನ್ನು ಆಧರಿಸಿದ ಪರೀಕ್ಷೆಗಳಲ್ಲಿ ಗೆದ್ದವನು ವಿಮಾನವನ್ನೂ ಚೆನ್ನಾಗಿ ನಡೆಸಬಲ್ಲನೆಂಬ ಭರವಸೆ ಹುಟ್ಟಲಿಲ್ಲ. ನೂರಾರು ಗಜ ದೂರದ ನೆಲದ ಮೇಲೆ ಎರಡು ಕಣ್ಣುಗಳ ಬಿಂಬಭೇದ ಬಹಳ ಅಲ್ಪ. ಹಾಗಿದ್ದೂ ಚಾಲಕನು ಇಳಿಯುತ್ತಿದ್ದನು. ಅವನು ಯಾವುದನ್ನು ನೋಡಿ ಇಳಿಯುತ್ತಿದ್ದನು? ಗಿಬ್ಸನ್ನರು ಕಂಡ ಉತ್ತರ: ನೆಲವನ್ನು, ಹರಿಯುತ್ತಿರುವ ನೆಲವನ್ನು.

ಮುಂದಕ್ಕೆ ಚಲಿಸುವ ಕಣ್ಣಿಗೆ ಇದಿರಿನ ದೃಶ್ಯವೆಲ್ಲವೂ ಒಂದು ಬಿಂದುವಿನಿಂದ ಹೊರಟು ಸುತ್ತಲೂ ಹರಡುವಂತೆ ಕಾಣುತ್ತದೆ. ಆ ಬಿಂದು ಮಾತ್ರ ಅಲುಗುವುದಿಲ್ಲ. ಅದೇ ಗತಿಯ ಗುರಿ. ವಿಮಾನವು ಒಂದೇ ಇಳಿಜಾರಿನಲ್ಲಿ ಇಳಿಯುತ್ತಿರುವಾಗ ಆ ಅಚಲಬಿಂದು ರನ್‌ವೇಯ ಆರಂಭದಿಂದ ಈಚೆಗೆ ಬಿದ್ದರೆ ವಿಮಾನ ರನ್‌ವೇಯನ್ನು ಮುಟ್ಟುವ ಮೊದಲೇ ನೆಲಕ್ಕೆ ತಾಗುತ್ತದೆ; ತೀರ ಆಚೆಗೆ ಬಿದ್ದರೆ ಮೀರಿ ಹೋಗುತ್ತದೆ. ಸಮೀಪದ ನೆಲ ರಭಸದಿಂದ ಹರಿಯುತ್ತದೆ, ದೂರದ್ದು ಮೆಲ್ಲಗೆ, ದಿಗಂತದಲ್ಲಿ ಹರಿವು ಸೊನ್ನೆ. ಈ ಹರಿವನ್ನು ದೃಷ್ಟಿಪ್ರವಾಹವೆಂದು ಕರೆಯಬಹುದು. ದಿಕ್ಕು, ವೇಗ, ಎತ್ತರ ಮೂರರ ಸೂಚನೆಯೂ ಅದರಲ್ಲಿ ಹುದುಗಿರುತ್ತದೆ.

ಗಿಬ್ಸನ್ನರ ವರದಿ ೧೯೪೭ರಲ್ಲಿಯೂ, ದೃಶ್ಯಪ್ರಪಂಚದ ಗ್ರಹಣವನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ೧೯೫೦ರಲ್ಲಿಯೂ ಹೊರಬಂದುವು. ೧೯೫೫ರಲ್ಲಿ ಅವರು ಇನ್ನಿಬ್ಬರೊಡನೆ ಸೇರಿ ವಿಮಾನ ಇಳಿಯುವಾಗಿನ ಪ್ರವಾಹಕ್ಕೆ ಗಣಿತದ ರೂಪವನ್ನು ಕೊಟ್ಟರು. ೧೯೫೮ರ ಲೇಖನವೊಂದರಲ್ಲಿ ಆ ತತ್ತ್ವವನ್ನು ಸಕಲ ಪ್ರಾಣಿಗಳಿಗೂ ಅನ್ವಯಿಸಿದರು. ಮುಂದೆ ಹೋಗುವುದೆಂದರೆ ಪ್ರವಾಹವು ಹೊರಮುಖವಾಗುವಂತೆ ಮಾಡುವುದು. ನಿಲ್ಲುವುದೆಂದರೆ ಪ್ರವಾಹವನ್ನು ನಿಲ್ಲಿಸುವುದು. ಗುರಿಯತ್ತ ನಡೆಯುವುದೆಂದರೆ ಪ್ರವಾಹದ ಕೇಂದ್ರವನ್ನು ಗುರಿಯ ಮೇಲೆ ಇಟ್ಟುಕೊಳ್ಳುವುದು. ದೃಷ್ಟಿ ಮತ್ತು ಗತಿಗಳ ನಡುವೆ ಲೆಕ್ಕ ಹಾಕುವ ಗುಮಾಸ್ತನೊಬ್ಬ ಮಿದುಳಿನಲ್ಲಿ ಕುಳಿತಿರಬೇಕಾಗಿಲ್ಲ ಎಂಬುದು ಅವರ ಮತದ ತಿರುಳು. ಪಾಂಡಿತ್ಯದ ಲೋಕ ಇದನ್ನು ಸುಲಭವಾಗಿ ಒಪ್ಪಲಿಲ್ಲ. ೧೯೭೯ರಲ್ಲಿ ಕೊನೆಯ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಅವರು ತೀರಿಕೊಂಡರು. ಅಲ್ಲಿಯವರೆಗೂ ವಾದ ನಡೆದೇ ಇತ್ತು.

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಕೇಂಬ್ರಿಜ್ಜಿನ ಗ್ರಿಂಡ್ಲಿಯವರು ವಿಮಾನ ಇಳಿಸುವ ಸಮಸ್ಯೆಯನ್ನೇ ಕುರಿತು ೧೯೪೨ರಲ್ಲಿ ಟಿಪ್ಪಣಿ ಬರೆದಿದ್ದರು. ಫಾರ್ನ್‌ಬರೋದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾಲಯದ ಕ್ಯಾಲ್ವರ್ಟ್‌ರವರು ರಾತ್ರಿಯಲ್ಲಿಯೂ ಮಂಜಿನಲ್ಲಿಯೂ ಇಳಿಯುವವರಿಗಾಗಿ ಒಂದು ದೀಪವಿನ್ಯಾಸವನ್ನು ರಚಿಸಿದರು. ರನ್‌ವೇಗೆ ಮೊದಲು ನಡುಗೆರೆಯಾಗಿ ಒಂದು ದೀಪದ ಸಾಲು, ಅದಕ್ಕೆ ಅಡ್ಡವಾಗಿ ಅಲ್ಲಲ್ಲಿ ದೀಪದ ಪಟ್ಟೆಗಳು. ನಡುಗೆರೆ ದಿಕ್ಕನ್ನು ಹೇಳುತ್ತದೆ. ಅಡ್ಡಪಟ್ಟೆಗಳು ಮರೆಯಾದ ದಿಗಂತಕ್ಕೆ ಬದಲಾಗಿ ನಿಂತು ವಿಮಾನದ ವಾಲಿಕೆಯನ್ನು ಹೇಳುತ್ತವೆ. ಕತ್ತಲು ನುಂಗಿದ ನೆಲವನ್ನು ದೀಪಗಳಿಂದ ಪುನಃ ಹಾಸುವ ಕೆಲಸವಿದು. ಇಂದಿಗೂ ವಿಮಾನ ನಿಲ್ದಾಣಗಳ ಹೊರಅಂಚಿನಲ್ಲಿ ರಾತ್ರಿ ಹೊತ್ತು ಕಾಣುವ ದೀಪದ ಸಾಲುಗಳು ಆ ವಂಶದವೇ.

೫

ಗಿಬ್ಸನ್ನರ ಮಾತು ತತ್ತ್ವವಾಗಿ ಉಳಿಯದೆ ಪ್ರಯೋಗಕ್ಕೆ ಇಳಿದುದು ಮುಂದಿನ ಅಧ್ಯಾಯ.

ಜರ್ಮನಿಯಲ್ಲಿ ಹಾಸೆನ್‌ಸ್ಟೈನ್ ಮತ್ತು ರೈಖಾರ್ಟ್ ಎಂಬ ಇಬ್ಬರು ಮಿತ್ರರು ಸಣ್ಣ ಜೀರುಂಡೆಯೊಂದನ್ನು ಆರಿಸಿಕೊಂಡರು. ಅದರ ಬೆನ್ನನ್ನು ಕಡ್ಡಿಗೆ ಅಂಟಿಸಿ ಗಾಳಿಯಲ್ಲಿ ಹಿಡಿದು, ಕಾಲುಗಳಿಗೆ ಹಗುರವಾದ ಹುಲ್ಲುಕಡ್ಡಿಗಳ ಗೋಲವೊಂದನ್ನು ಕೊಟ್ಟರು. ಜೀರುಂಡೆ ತಾನು ನಡೆಯುತ್ತಿರುವೆನೆಂದು ಕಾಲಾಡಿಸಿದರೆ ಗೋಲವೇ ಅಡಿಯಲ್ಲಿ ತಿರುಗುತ್ತದೆ. ಮತ್ತೆ ಮತ್ತೆ ಕವಲುದಾರಿ ಎದುರಾಗುತ್ತದೆ. ಸುತ್ತಲಿನ ಪಟ್ಟೆಗಳ ಚಲನೆಗೆ ತಕ್ಕಂತೆ ಅದು ಎಡಕ್ಕೋ ಬಲಕ್ಕೋ ತಿರುಗುವುದನ್ನು ಎಣಿಸುತ್ತ ಹೋಗಿ, ಅಕ್ಕಪಕ್ಕದ ಎರಡು ಕಣ್ಬಿಂದುಗಳ ಸಂಕೇತಗಳನ್ನು ಸ್ವಲ್ಪ ಕಾಲವ್ಯತ್ಯಾಸದೊಡನೆ ಗುಣಿಸುವುದರಿಂದ ಕೀಟವು ಚಲನೆಯನ್ನು ಅರಿಯುತ್ತದೆಂಬ ಸೂತ್ರವನ್ನು ೧೯೫೬ರಲ್ಲಿ ಮಂಡಿಸಿದರು. ಚಲನೆಯ ಅರಿವಿಗೆ ಮನುಷ್ಯನ ಬುದ್ಧಿ ಬೇಕಾಗಿಲ್ಲ, ಕೆಲವೇ ನರಕೋಶಗಳು ಸಾಕು ಎಂಬುದು ಇದರಿಂದ ಸ್ಪಷ್ಟವಾಯಿತು.

೧೯೬೩ರಲ್ಲಿ ಅಮೆರಿಕದ ಹೆಲ್ಡ್ ಮತ್ತು ಹೈನ್ ಪ್ರಕಟಿಸಿದ ಪ್ರಯೋಗ ಇನ್ನೊಂದು ಬಗೆಯದು. ಕತ್ತಲಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಜೋಡಿಜೋಡಿಯಾಗಿ ದಿನಕ್ಕೆ ೩ ಗಂಟೆಗಳ ಕಾಲ ಪಟ್ಟೆಗಳಿದ್ದ ದುಂಡು ಕೊಠಡಿಯಲ್ಲಿ ಬಿಡುತ್ತಿದ್ದರು. ಒಂದು ಮರಿ ತನ್ನ ಕಾಲಿನಿಂದ ನಡೆದು ಸುತ್ತುತ್ತಿತ್ತು. ಅದಕ್ಕೆ ಕಟ್ಟಿದ ತೊಟ್ಟಿಲಿನಲ್ಲಿ ಕುಳಿತ ಇನ್ನೊಂದು ಮರಿ ಅದರ ಹಿಂದೆಯೇ ಸುತ್ತುತ್ತಿತ್ತು. ಎರಡರ ಕಣ್ಣಿಗೂ ಬಿದ್ದ ದೃಶ್ಯ ಹೆಚ್ಚುಕಡಮೆ ಒಂದೇ. ಆದರೂ ನಡೆದ ಮರಿ ಆಳವನ್ನು ಕಂಡು ಹಿಂಜರಿಯಲು ಕಲಿಯಿತು. ಕುಳಿತ ಮರಿ ಕಲಿಯಲಿಲ್ಲ. ನೋಡಿದ್ದು ಮಾತ್ರ ಸಾಲದು, ನೋಟ ತನ್ನ ನಡೆಯಿಂದಲೇ ಬದಲಾಗಬೇಕು ಎಂಬುದು ಇದರ ಅರ್ಥ.

ಎಡಿನ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಲೀಯವರು ಗಿಬ್ಸನ್ನರ ದಾರಿಯನ್ನು ಮುಂದುವರಿಸಿದರು. ೧೯೭೪ರಲ್ಲಿ ಲೀ ಮತ್ತು ಅರಾನ್‌ಸನ್, ನೆಲ ಸ್ಥಿರವಾಗಿದ್ದು ಗೋಡೆಗಳು ಮಾತ್ರ ಚಲಿಸುವ ಒಂದು ತೂಗುಕೋಣೆಯಲ್ಲಿ, ಆಗತಾನೆ ನಿಲ್ಲಲು ಕಲಿತ ಶಿಶುಗಳನ್ನು ನಿಲ್ಲಿಸಿದರು. ಗೋಡೆ ಮುಂದಕ್ಕೆ ಬಂದಾಗ ಶಿಶು ಹಿಂದಕ್ಕೆ ಓಲಾಡಿತು, ಎಷ್ಟೋ ವೇಳೆ ಬಿದ್ದೇಬಿಟ್ಟಿತು. ಗೋಡೆಯ ಚಲನೆಯನ್ನು ಅದು ತನ್ನ ದೇಹದ ಓಲಾಟವೆಂದು ತಿಳಿದು ಅದನ್ನು ಸರಿಪಡಿಸಲು ಹೋಗಿತ್ತು. ಸುಮ್ಮನೆ ನೆಟ್ಟಗೆ ನಿಲ್ಲುವುದರಲ್ಲಿಯೂ ಕಣ್ಣಿನ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಿಲ್ಲ.

೧೯೭೬ರಲ್ಲಿ ಲೀಯವರು ಬ್ರೇಕ್ ಹಾಕುವ ಚಾಲಕನ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಮುಂದಿನ ಗಾಡಿಗೆ ಎಷ್ಟು ದೂರ, ತನ್ನ ವೇಗ ಎಷ್ಟು ಎಂಬೆರಡನ್ನೂ ಅವನು ಪ್ರತ್ಯೇಕವಾಗಿ ತಿಳಿಯಬೇಕಾಗಿಲ್ಲ. ಕಣ್ಣಿನಲ್ಲಿ ಮುಂದಿನ ಗಾಡಿಯ ಬಿಂಬ ಎಷ್ಟಿದೆ, ಅದು ಎಷ್ಟು ಬೇಗ ಹಿಗ್ಗುತ್ತಿದೆ, ಇವುಗಳ ಪ್ರಮಾಣವೇ ಡಿಕ್ಕಿಗೆ ಉಳಿದಿರುವ ಸಮಯವನ್ನು ಹೇಳುತ್ತದೆ. ಬಿಂಬವು ಒಂದು ಸೆಕೆಂಡಿಗೆ ತನ್ನ ಗಾತ್ರದ ಹತ್ತನೆಯ ಒಂದಂಶದ ದರದಲ್ಲಿ ಹಿಗ್ಗುತ್ತಿದ್ದರೆ, ಅದೇ ವೇಗದಲ್ಲಿ ಸಾಗಿದಲ್ಲಿ ಉಳಿದಿರುವುದು ಸುಮಾರು ೧೦ ಸೆಕೆಂಡು. ಖಗೋಳಜ್ಞ ಫ್ರೆಡ್ ಹಾಯ್ಲ್‌ರವರು ೧೯೫೭ರ ತಮ್ಮ ಕಾದಂಬರಿಯೊಂದರಲ್ಲಿ ಭೂಮಿಯತ್ತ ಬರುವ ಮೇಘವು ಯಾವಾಗ ತಲಪುವುದೆಂಬುದನ್ನು ಇದೇ ಲೆಕ್ಕದಿಂದ ಹೊರಡಿಸಿದ್ದರೆಂಬುದು ಸ್ವಾರಸ್ಯದ ಸಂಗತಿ. ೧೯೮೧ರಲ್ಲಿ ಲೀ ಮತ್ತು ರೆಡಿಶ್, ಮೀನಿಗಾಗಿ ಎತ್ತರದಿಂದ ಸಮುದ್ರಕ್ಕೆ ಧುಮುಕುವ ಗ್ಯಾನೆಟ್ ಎಂಬ ಕಡಲಹಕ್ಕಿ ನೀರಿಗೆ ತಾಗುವ ಕ್ಷಣಕ್ಕೆ ಮೊದಲು ರೆಕ್ಕೆ ಮಡಿಸುವ ಹೊತ್ತು ಈ ಸೂತ್ರಕ್ಕೆ ಹೊಂದುತ್ತದೆಂದು ವಾದಿಸಿದರು. ಈ ಒಂದೇ ಸೂತ್ರದಿಂದ ಎಲ್ಲವನ್ನೂ ವಿವರಿಸಲಾಗದೆಂಬ ಆಕ್ಷೇಪಗಳು ೧೯೯೦ರ ದಶಕದಲ್ಲಿ ಬಂದುವು. ಅವು ನ್ಯಾಯವಾದುವೇ. ಗಾತ್ರದ ಪರಿಚಯ, ಎರಡು ಕಣ್ಣುಗಳ ನೋಟ ಮೊದಲಾದುವೂ ಸೇರುತ್ತವೆ.

ಈ ಜ್ಞಾನ ರಸ್ತೆಯಲ್ಲಿ ಜೀವಗಳನ್ನು ಉಳಿಸಿದ್ದೂ ಉಂಟು. ಹೆದ್ದಾರಿಯಲ್ಲಿ ಬಹಳ ಹೊತ್ತು ವೇಗವಾಗಿ ಬಂದ ಚಾಲಕನಿಗೆ ದೃಷ್ಟಿಪ್ರವಾಹವು ರೂಢಿಯಾಗಿ, ತಾನು ನಿಧಾನವಾಗಿಯೇ ಹೋಗುತ್ತಿರುವಂತೆ ಭಾಸವಾಗುತ್ತದೆ. ವೃತ್ತ ಬಂದಾಗ ಅವನು ಸಾಕಷ್ಟು ವೇಗ ತಗ್ಗಿಸುವುದಿಲ್ಲ. ಸ್ಕಾಟ್‌ಲೆಂಡಿನ ಎಂ ೮ ಹೆದ್ದಾರಿಯ ನ್ಯೂಬ್ರಿಜ್ ವೃತ್ತಕ್ಕೆ ಮೊದಲು ಡೆಂಟನ್‌ರವರ ಸಲಹೆಯಂತೆ ರಸ್ತೆಗೆ ಅಡ್ಡಲಾಗಿ ಹಳದಿ ಪಟ್ಟೆಗಳನ್ನು ಬಳಿದರು. ವೃತ್ತ ಸಮೀಪಿಸಿದಂತೆ ಪಟ್ಟೆಗಳ ನಡುವಣ ಅಂತರ ಕಿರಿದಾಗುತ್ತ ಹೋಗುತ್ತಿತ್ತು. ಚಾಲಕನ ಕಣ್ಣಿಗೆ ವೇಗ ಏರುತ್ತಿರುವಂತೆ ತೋರಿ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ವೇಗ ತಗ್ಗಿತು, ಅಪಘಾತಗಳು ಕಡಮೆಯಾದುವು. ಇದನ್ನು ೧೯೮೦ರಲ್ಲಿ ಅವರು ಪ್ರಕಟಿಸಿದರು. ಎಚ್ಚರಿಕೆಯ ಫಲಕವು ಬುದ್ಧಿಗೆ ಹೇಳುವುದನ್ನು ಪಟ್ಟೆಗಳು ನೇರವಾಗಿ ಕಣ್ಣಿಗೆ ಹೇಳಿದುವು.

೬

ಈ ಚರಿತ್ರೆಯ ಮುಂದಿನ ಮುಖ್ಯ ಹೆಜ್ಜೆಯನ್ನು ಇಟ್ಟವರಲ್ಲಿ ಬೆಂಗಳೂರಿನಲ್ಲಿ ಓದಿದವರೊಬ್ಬರು ಇದ್ದಾರೆ. ಎಂ. ವಿ. ಶ್ರೀನಿವಾಸನ್‌ರವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗನ್ನೂ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉನ್ನತ ವ್ಯಾಸಂಗವನ್ನೂ ಮುಗಿಸಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಮುಂದೆ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ನೆಲೆಸಿದರು. ಯಂತ್ರಗಳ ವಿದ್ಯೆ ಕಲಿತ ಅವರು ಅಲ್ಲಿ ಜೇನುಹುಳುಗಳ ದೃಷ್ಟಿಯನ್ನು ಪರೀಕ್ಷಿಸಿದರು.

ಜೇನುಹುಳುವಿನ ಎರಡು ಕಣ್ಣುಗಳು ತೀರ ಹತ್ತಿರವಿವೆ. ಅವುಗಳ ಮಸೂರ ದೂರಕ್ಕೆ ತಕ್ಕಂತೆ ಹೊಂದಿಕೊಳ್ಳುವುದಿಲ್ಲ. ಮನುಷ್ಯನು ದೂರವನ್ನು ಅರಿಯಲು ಬಳಸುವ ಎರಡು ಮುಖ್ಯ ಉಪಾಯಗಳು ಅದಕ್ಕೆ ದಕ್ಕುವುದಿಲ್ಲ. ಆದರೂ ಅದು ಕಿಟಕಿಯ ಸಂದಿನಲ್ಲಿ ಸರಿಯಾಗಿ ನಟ್ಟನಡುವೆ ತೂರಿ ಹೋಗುತ್ತದೆ. ಇದು ಹೇಗೆ? ೧೯೮೯ರಲ್ಲಿ ಕಿರ್ಖ್‌ನರ್ ಮತ್ತು ಶ್ರೀನಿವಾಸನ್ ಪ್ರಕಟಿಸಿದ ಪ್ರಯೋಗದಲ್ಲಿ ಹುಳುಗಳು ಎರಡು ಗೋಡೆಗಳ ಮೇಲೆ ಪಟ್ಟೆಗಳಿದ್ದ ಓಣಿಯೊಂದರಲ್ಲಿ ಹಾರಿದುವು. ಗೋಡೆಗಳು ನಿಶ್ಚಲವಾಗಿದ್ದಾಗ ಅವು ಮಧ್ಯದಲ್ಲಿ ಹಾರಿದುವು. ಒಂದು ಗೋಡೆಯ ಪಟ್ಟೆಗಳನ್ನು ಹುಳು ಹಾರುವ ದಿಕ್ಕಿಗೇ ಸರಿಸಿದಾಗ ಆ ಕಡೆಯ ಹರಿವು ನಿಧಾನವಾಯಿತು. ಹುಳು ಆ ಗೋಡೆಯತ್ತ ಸರಿಯಿತು. ಎದುರು ದಿಕ್ಕಿಗೆ ಸರಿಸಿದಾಗ ಅದರಿಂದ ದೂರ ಸರಿಯಿತು. ಎಡಬಲಗಳ ಹರಿವನ್ನು ಸಮವಾಗಿಟ್ಟುಕೊಳ್ಳುವುದೇ ಅದರ ನಿಯಮ. ದೂರವನ್ನು ಅಳೆಯುವ ಗೊಡವೆಯೇ ಇಲ್ಲದೆ ಹುಳು ನಡುದಾರಿಯನ್ನು ಹಿಡಿಯುತ್ತದೆ.

ಕ್ರಮಿಸಿದ ದೂರವನ್ನು ಹುಳು ಎಣಿಸುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಹಳೆಯದು. ಆಹಾರದ ದಿಕ್ಕನ್ನೂ ದೂರವನ್ನೂ ಜೇನುಹುಳು ಗೂಡಿನಲ್ಲಿ ನೃತ್ಯದಿಂದ ತಿಳಿಸುತ್ತದೆಂದು ತೋರಿಸಿಕೊಟ್ಟವರು ಕಾರ್ಲ್ ಫಾನ್ ಫ್ರಿಶ್; ೧೯೭೩ರ ನೊಬೆಲ್ ಪಾರಿತೋಷಿಕವನ್ನು ಪಡೆದ ಮೂವರಲ್ಲಿ ಅವರು ಒಬ್ಬರು. ಹಾರಲು ವ್ಯಯವಾದ ಶಕ್ತಿಯಿಂದ ಹುಳು ದೂರವನ್ನು ತಿಳಿಯುತ್ತದೆಂಬ ಅಭಿಪ್ರಾಯ ಬಹುಕಾಲ ನಿಂತಿತ್ತು. ೨೦೦೦ದಲ್ಲಿ ಶ್ರೀನಿವಾಸನ್ ಮತ್ತು ಸಂಗಡಿಗರು ಗೂಡಿನ ಸಮೀಪದಲ್ಲಿ ಸುಮಾರು ೬ ಮೀಟರ್ ಉದ್ದದ ಕಿರಿದಾದ ಓಣಿಯನ್ನು ಕಟ್ಟಿ, ಒಳಗೆ ಚುಕ್ಕೆಚುಕ್ಕೆಯ ವಿನ್ಯಾಸವನ್ನು ಹಚ್ಚಿದರು. ಗೋಡೆ ತೀರ ಹತ್ತಿರವಾದುದರಿಂದ ಹರಿವಿನ ರಭಸ ಬಹಳ. ಓಣಿಯೊಳಗೆ ಆ ಅಲ್ಪ ದೂರ ಹಾರಿ ಬಂದ ಹುಳುಗಳು ಗೂಡಿನಲ್ಲಿ ಬಹು ದೂರ ಹೋಗಿ ಬಂದವರಂತೆ, ಸುಮಾರು ೨೦೦ ಮೀಟರ್ ದೂರವನ್ನು ಸೂಚಿಸುವ ನೃತ್ಯ ಮಾಡಿದುವು. ಹರಿವನ್ನು ಉಂಟುಮಾಡದ ಉದ್ದನೆಯ ಗೆರೆಗಳನ್ನು ಹಚ್ಚಿದಾಗ ಅವೇ ಹುಳುಗಳು ಸಮೀಪವನ್ನು ಸೂಚಿಸುವ ನೃತ್ಯ ಮಾಡಿದುವು. ಅಂದರೆ ಹುಳು ಎಣಿಸುವುದು ಖರ್ಚಾದ ಶಕ್ತಿಯನ್ನಲ್ಲ. ಕಣ್ಣ ಮುಂದೆ ಹರಿದುಹೋದ ದೃಶ್ಯವನ್ನು. ಅದರ ಲೆಕ್ಕದ ಪುಸ್ತಕ ಕಣ್ಣಿನಲ್ಲಿದೆ.

ಅದೇ ವರ್ಷ ಪ್ರಕಟವಾದ ಮತ್ತೊಂದು ಶೋಧನೆ ಈ ಚರಿತ್ರೆಯನ್ನು ಆರಂಭದ ಸ್ಥಳಕ್ಕೆ ತಂದು ಮುಟ್ಟಿಸುತ್ತದೆ. ಸಮತಲದ ಮೇಲೆ ಇಳಿಯುವ ಜೇನುಹುಳು ಕೆಳಗಿನ ನೆಲದ ಹರಿವು ಒಂದೇ ವೇಗದಲ್ಲಿ ಇರುವಂತೆ ನೋಡಿಕೊಳ್ಳುತ್ತದೆ. ಎತ್ತರ ಕಡಮೆಯಾದಂತೆ ಹರಿವು ಹೆಚ್ಚಬೇಕು. ಹೆಚ್ಚದಂತೆ ಮಾಡಲು ಅದು ತನ್ನ ವೇಗವನ್ನು ಇಳಿಸುತ್ತ ಬರಬೇಕು. ಹೀಗೆ ಇಳಿಸುತ್ತ ನೆಲ ಮುಟ್ಟುವ ಹೊತ್ತಿಗೆ ವೇಗ ಹೆಚ್ಚುಕಡಮೆ ಸೊನ್ನೆಯಾಗಿರುತ್ತದೆ. ಎತ್ತರವನ್ನೂ ವೇಗವನ್ನೂ ತಿಳಿಯದೆಯೇ ಸುಖವಾಗಿ ಇಳಿಯುವ ಉಪಾಯ ಇದು. ಯುದ್ಧಕಾಲದ ತರುಣ ಚಾಲಕರು ಪ್ರಾಣವನ್ನು ಪಣವಾಗಿಟ್ಟು ಕಲಿತ ವಿದ್ಯೆ ಸಾಸಿವೆಕಾಳಿಗಿಂತ ದೊಡ್ಡದಲ್ಲದ ಮಿದುಳಿನಲ್ಲಿ ಮೊದಲೇ ಇತ್ತು. ಈಗ ಅದೇ ನಿಯಮವನ್ನು ಅನುಸರಿಸಿ ಚಿಕ್ಕ ವಿಮಾನಯಂತ್ರಗಳನ್ನು ಇಳಿಸುವ ಪ್ರಯತ್ನಗಳೂ ನಡೆದಿವೆ. ಶ್ರೀನಿವಾಸನ್‌ರವರು ೨೦೦೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ೨೦೦೬ರಲ್ಲಿ ಆಸ್ಟ್ರೇಲಿಯದ ಪ್ರಧಾನಮಂತ್ರಿಗಳ ವಿಜ್ಞಾನ ಪ್ರಶಸ್ತಿ ಅವರಿಗೆ ಸಂದಿತು.

೭

ಇಷ್ಟರಿಂದ ಗಿಬ್ಸನ್ನರ ಮತ ಸಂಪೂರ್ಣವಾಗಿ ಸಿದ್ಧವಾಯಿತೆಂದು ಹೇಳಲಾಗದು. ನಡೆಯುವವನು ಅತ್ತಿತ್ತ ನೋಡುತ್ತಾನೆ. ಕಣ್ಣು ಹೊರಳಿದರೆ ಅಕ್ಷಿಪಟಲದ ಮೇಲಿನ ಹರಿವೂ ಕಲಬೆರಕೆಯಾಗುತ್ತದೆ. ನಡೆಯಿಂದ ಬಂದ ಹರಿವು ಯಾವುದು, ಕಣ್ಣು ಹೊರಳಿದ್ದರಿಂದ ಬಂದದ್ದು ಯಾವುದು ಎಂದು ಬೇರ್ಪಡಿಸುವ ಬಗೆ ಹೇಗೆ? ಹರಿವಿನಲ್ಲಿಯೇ ಅದಕ್ಕೆ ಸಾಕಷ್ಟು ಆಧಾರವಿದೆಯೆಂದು ೧೯೮೮ರಲ್ಲಿ ವಾರನ್ ಮತ್ತು ಹ್ಯಾನನ್ ತೋರಿಸಿದರು. ಕಣ್ಣು ಬೇಗ ಹೊರಳುವಾಗ ಸ್ನಾಯುಗಳಿಗೆ ಹೋಗುವ ಆಜ್ಞೆಯ ಅರಿವೂ ಬೇಕೆಂದು ೧೯೯೨ರಲ್ಲಿ ರಾಯ್ಡನ್ ಮತ್ತು ಸಂಗಡಿಗರು ಉತ್ತರ ಕೊಟ್ಟರು.

ವಾದ ಅಲ್ಲಿಗೂ ನಿಲ್ಲಲಿಲ್ಲ. ೧೯೯೮ರಲ್ಲಿ ರಶ್ಟನ್ ಮತ್ತು ಸಂಗಡಿಗರು ದೃಶ್ಯವನ್ನು ಒಂದು ಬದಿಗೆ ಸರಿಸುವ ಪ್ರಿಸಂ ಕನ್ನಡಕಗಳನ್ನು ಜನರಿಗೆ ತೊಡಿಸಿ ಗುರಿಯತ್ತ ನಡೆಯಹೇಳಿದರು. ಹರಿವಿನ ಕೇಂದ್ರವನ್ನು ಅನುಸರಿಸಿದ್ದರೆ ಅವರು ನೇರವಾಗಿ ನಡೆಯಬೇಕಾಗಿತ್ತು. ಅವರು ನಡೆದದ್ದು ಬಾಗಿದ ದಾರಿಯಲ್ಲಿ. ಗುರಿ ಎತ್ತ ಕಾಣುತ್ತದೆಯೋ ಅತ್ತ ಹೆಜ್ಜೆ ಇಡುವುದಷ್ಟೇ ಮನುಷ್ಯನ ರೀತಿ ಎಂಬುದು ಅವರ ತೀರ್ಮಾನ. ೨೦೦೧ರಲ್ಲಿ ವಾರನ್ ಮತ್ತು ಸಂಗಡಿಗರು ಕಲ್ಪಿತ ದೃಶ್ಯಗಳ ಕೊಠಡಿಯಲ್ಲಿ ಹರಿವನ್ನೂ ಗುರಿಯ ದಿಕ್ಕನ್ನೂ ಬೇರೆಬೇರೆ ಮಾಡಿ ನೋಡಿದರು. ಬರಿಯ ಗುರಿಯೊಂದೇ ಕಾಣು‌ವ ಬಯಲಿನಲ್ಲಿ ಜನ ದಿಕ್ಕನ್ನು ಅನುಸರಿಸಿದರು. ನೆಲ, ಗೋಡೆ, ಕಂಬಗಳಿಂದ ದೃಶ್ಯ ತುಂಬಿದಂತೆಲ್ಲ ಹರಿವನ್ನು ಹೆಚ್ಚು ಹೆಚ್ಚಾಗಿ ಅನುಸರಿಸಿದರು. ಎರಡೂ ಮಾರ್ಗಗಳು ಮನುಷ್ಯನಿಗೆ ಉಂಟು, ಸನ್ನಿವೇಶ ಆರಿಸುತ್ತದೆ.

ಈ ವಾದಗಳನ್ನು ಕೇವಲ ವಿದ್ವದ್ವಿನೋದವೆಂದು ಭಾವಿಸುವುದು ಸರಿಯಲ್ಲ. ೧೯೮೩ರಲ್ಲಿ ಮ್ಯೂನಿಕ್ಕಿನ ಜಿಹ್ಲ್ ಮತ್ತು ಸಂಗಡಿಗರು ವರ್ಣಿಸಿದ ಒಬ್ಬ ಮಹಿಳೆಗೆ ಮಿದುಳಿನ ವ್ಯಾಧಿಯಿಂದ ಚಲನೆಯನ್ನು ಕಾಣುವ ಶಕ್ತಿಯೊಂದೇ ನಷ್ಟವಾಗಿತ್ತು. ಬಣ್ಣ, ಆಕಾರ, ಮುಖ ಎಲ್ಲವೂ ಕಾಣುತ್ತಿದ್ದುವು. ಆದರೆ ಬಟ್ಟಲಿಗೆ ಬಗ್ಗಿಸಿದ ಚಹಾ ಹೆಪ್ಪುಗಟ್ಟಿದಂತೆ ನಿಂತೇ ಇರುತ್ತಿತ್ತು. ದೂರದಲ್ಲಿದ್ದ ಮೋಟಾರು ಮರುಕ್ಷಣ ಮೈಮೇಲೆ ಬಂದಂತಿರುತ್ತಿತ್ತು. ಆಕೆ ರಸ್ತೆ ದಾಟಲು ಹೆದರುತ್ತಿದ್ದಳು. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ೨೦೦೮ರಲ್ಲಿ ವರದಿಯಾದ ಒಬ್ಬ ರೋಗಿಗೆ ಎರಡು ಬಾರಿ ಬಡಿದ ಪಾರ್ಶ್ವವಾಯುವಿನಿಂದ ಮಿದುಳಿನ ಎರಡು ಕಡೆಯ ದೃಷ್ಟಿಕೇಂದ್ರವೂ ನಾಶವಾಗಿತ್ತು. ತನಗೆ ಏನೂ ಕಾಣುವುದಿಲ್ಲವೆಂದೇ ಅವನು ಹೇಳುತ್ತಿದ್ದನು. ಡಿ ಗೆಲ್ಡರ್ ಮತ್ತು ಸಂಗಡಿಗರು ಉದ್ದನೆಯ ಓಣಿಯಲ್ಲಿ ಪೆಟ್ಟಿಗೆ ಮುಂತಾದುವನ್ನು ಅಡ್ಡವಿಟ್ಟು, ಕೋಲನ್ನು ಬಿಟ್ಟು ನಡೆಯಹೇಳಿದಾಗ ಅವನು ಒಂದಕ್ಕೂ ತಾಗದೆ ನಡೆದು ದಾಟಿದನು. ತಾನು ಬಳಸಿ ನಡೆದೆನೆಂಬ ಅರಿವೂ ಅವನಿಗಿರಲಿಲ್ಲ. ಒಬ್ಬಳಿಗೆ ಚಿತ್ರ ಉಂಟು, ದಾರಿ ಇಲ್ಲ. ಇನ್ನೊಬ್ಬನಿಗೆ ದಾರಿ ಉಂಟು, ಚಿತ್ರ ಇಲ್ಲ. ಕೆಪ್ಲರನ ಕಾಲದಿಂದ ಒಂದೇ ಎಂದು ತಿಳಿದಿದ್ದ ದೃಷ್ಟಿಯೊಳಗೆ ಎರಡು ಕಾರ್ಯಗಳು ಬೆಸೆದುಕೊಂಡಿವೆ ಎಂಬುದಕ್ಕೆ ಈ ಇಬ್ಬರು ಸಾಕ್ಷಿ.

ಮುಪ್ಪಿನಲ್ಲಿ ಬೀಳುವವರ ಕಷ್ಟ, ಮಬ್ಬು ಬೆಳಕಿನ ಮೆಟ್ಟಿಲು, ಏಕರೂಪವಾದ ಹೆದ್ದಾರಿ, ಮಂಜಿನಲ್ಲಿ ಇಳಿಯುವ ವಿಮಾನ, ಇವೆಲ್ಲವನ್ನೂ ಈ ಬೆಳಕಿನಲ್ಲಿ ನೋಡಬೇಕಾಗಿದೆ. ಮೆಟ್ಟಿಲಿನ ಅಂಚಿಗೆ ಬಣ್ಣ ಬಳಿಯುವವನೂ ರಸ್ತೆಯ ಮೇಲೆ ಪಟ್ಟೆ ಎಳೆಯುವವನೂ ಅರಿತೋ ಅರಿಯದೆಯೋ ಈ ಶಾಸ್ತ್ರದ ಕೆಲಸವನ್ನೇ ಮಾಡುತ್ತಾರೆ. ಕಣ್ಣಿಗೆ ಬೇಕಾದದ್ದು ಬೆಳಕು ಮಾತ್ರವಲ್ಲ, ಹರಿಯುವುದಕ್ಕೆ ಗುರುತುಗಳುಳ್ಳ ನೆಲ. ಇಬ್ನ್ ಅಲ್ ಹೈತಮನು ತನ್ನ ಪಾದಗಳ ಸಮೀಪದ ನೆಲದಿಂದ ಆರಂಭಿಸಿದ ಅಳತೆ ಇನ್ನೂ ಮುಗಿದಿಲ್ಲ. ಅದು ಸರಿಯಾದ ಸ್ಥಳದಿಂದ ಆರಂಭವಾಗಿತ್ತು ಎಂಬುದು ಮಾತ್ರ ಈಗ ಖಚಿತವಾಗಿದೆ.